ಪಿಕ್ನಿಕ್ಕಿನ ನೀರಿನ ಮಂತ್ರಿ

ಅರಬ್ ನಾಡಿನ ಮಹಬೂಲಾದ ಕಡಲ ದಂಡೆಯಲ್ಲಿ ನಮ್ಮ ಕನ್ನಡದವರ ಪಿಕ್ನಿಕ್ಕು. ಬಿಸಿಬೇಳೆಭಾತ್ ಮಾಡೋ ಕೆಲಸ ನನ್ನ ತಲೆಗೆ ಕಟ್ಟಿದ್ದರು. ಸಂಘದ ಹೊಸ ಅಧ್ಯಕ್ಷ ಟೀವಿಯಲ್ಲಿ ಅಮೆರಿಕದ ಅಧ್ಯಕ್ಷರನ್ನ ನೋಡಿ ನೋಡಿ, ಕಮಿಟಿಗೆ ಕ್ಯಾಬಿನೆಟ್ ಅಂತ ಹೆಸರಿಟ್ಟಿದ್ದ. ಊಟಕ್ಕೊಬ್ಬ ಮಂತ್ರಿ, ನೀರಿಗೊಬ್ಬ, ಕುರ್ಚಿಗೂ ಒಬ್ಬ. ಊಟದವನ ಹೆಂಡತಿ ನೀರಿನವನ ಹೆಂಡತಿಯ ಬಳೆ ನೋಡಿ ಗಿಲೀಟು ಅಂದಿದ್ದಳು, ನಾನೇ ಕಿವಿಯಾರೆ ಕೇಳಿದ್ದೆ. ಅವತ್ತಿಂದ ಗಂಡಂದಿರಿಗೂ ಮಾತಿಲ್ಲ.

ಭಾತು ತಳ ಹಿಡಿಯೋಕೆ ಶುರುವಾಯ್ತು. ನೀರಿನ ಕ್ಯಾನೆಲ್ಲ ನೀರಿನ ಮಂತ್ರಿಯ ಕಾರಿನ ಡಿಕ್ಕಿಯಲ್ಲಿ.

"ಬೇಗ ಒಂದು ಕ್ಯಾನ್ ಕೊಡಪ್ಪಾ" ಅಂದೆ.

"ಅಧ್ಯಕ್ಷರು ಹೇಳಲಿ, ಅಜ್ಜಿ. ಊಟದವನ ಕಡೆಯವರಿಗೆಲ್ಲ ನಾನು ಕೊಡಲ್ಲ."

ಸೌಟು ಹಿಡಿದೇ ಅಧ್ಯಕ್ಷನ ಹತ್ತಿರ ಓಡಿದೆ. ಅವನು ಕೂಡಲೇ ಕ್ಯಾಬಿನೆಟ್ ಕರೆದು ಒಬ್ಬೊಬ್ಬರದೇ ಸಲಹೆ ಕೇಳಿದ. ಕುರ್ಚಿಯವನು ಮೊಸರು ಸುರೀರಿ ಅಂದ. ಊಟದವನು ನೀರಿನವನನ್ನೇ ಕಿತ್ತುಹಾಕಿ ಅಂದ.

"ಸಲಹೆ ನಿಮ್ಮದು, ತೀರ್ಮಾನ ನನ್ನದು" ಅಂತ ಎದೆ ಉಬ್ಬಿಸಿ, ಅಧ್ಯಕ್ಷ ನೀರಿನವನನ್ನ ವಜಾ ಮಾಡಿಬಿಟ್ಟ.

"ಖಲಾಸ್!" ಅಂದ ನೀರಿನವನು, ಹೆಂಡತೀನ ಕೂರಿಸಿಕೊಂಡು ಕಾರು ಬಿಟ್ಟುಕೊಂಡು ಹೋದ. ಡಿಕ್ಕಿಯಲ್ಲಿದ್ದ ನೀರೂ ಹೋಯ್ತು.

ಅಧ್ಯಕ್ಷ ನನ್ನ ಕಡೆ ತಿರುಗಿದ.

"ಇವತ್ತಿಂದ ನೀರಿನ ಮಂತ್ರಿ ನೀವೇ, ಅಜ್ಜಿ."

"ನೀರೆಲ್ಲಪ್ಪಾ?"

"ಅದು ನಿಮ್ಮ ಇಲಾಖೆ."

ಎದುರಿಗೆ ಇಡೀ ಸಮುದ್ರ, ನನ್ನ ಇಲಾಖೆಯಲ್ಲಿ ಕುಡಿಯೋ ನೀರು ಒಂದು ಲೋಟವೂ ಇಲ್ಲ. ಭಾತು ಸೀದು ಕರಕಲಾಯ್ತು. ಜನ ಬೈದದ್ದು ಅಧ್ಯಕ್ಷನನ್ನಲ್ಲ, ಓಡಿಹೋದವನನ್ನೂ ಅಲ್ಲ, ಹೊಸ ಮಂತ್ರಿಯನ್ನ.