ನೂರು ವರ್ಷದ ಜಗಳ ಹೇಳಿಕೊಟ್ಟ ಮೇಷ್ಟ್ರು

ಮೇಷ್ಟ್ರ ಹೆಬ್ಬೆರಳಿನ ಉಗುರು ಎಷ್ಟು ಅಗಲವಿತ್ತೆಂದರೆ, ನನ್ನ ಮಗಳ ಅಟ್ಲಾಸಿನ ಮೇಲೆ ಊರಿದರೆ ಫ್ರಾನ್ಸ್ ಪೂರ್ತಿ ಮುಚ್ಚಿಹೋಗುತ್ತಿತ್ತು. ಕೊಲ್ಲಿ ದೇಶದ ಈ ಫಿಂಟಾಸಿನಲ್ಲಿ ನಮ್ಮ ಎದುರು ಫ್ಲಾಟು ಅವರದು. ಉಡುಪಿ ಕಡೆಯವರು, ಒಂಟಿ ಜೀವ. ಬೇರೆ ಯಾವುದೋ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿದ್ದರು. ಸಂಜೆ ನಮ್ಮ ಮನೆ ಕಾಫಿ ಕುಡಿದು ಮಗಳಿಗೂ ಪಾಠ ಹೇಳುತ್ತಿದ್ದರು.

ಆ ವರ್ಷ ಇಂಗ್ಲೆಂಡು ಫ್ರಾನ್ಸುಗಳ ನೂರು ವರ್ಷದ ಯುದ್ಧದ ಪಾಠವಿತ್ತು. "ಫ್ರಾನ್ಸಿನ ರಾಜ ಸತ್ತ, ಗಂಡುಮಕ್ಕಳಿಲ್ಲ. ಇಂಗ್ಲೆಂಡಿನ ರಾಜ ಯಾರು? ಸತ್ತವನ ತಂಗಿಯ ಮಗ. ನಮ್ಮಲ್ಲಿ ಅಳಿಯಕಟ್ಟು ಉಂಟು ಮಾರಾಯ್ರೆ, ಮಾವನದ್ದೆಲ್ಲ ಸೋದರಳಿಯನಿಗೆ. ಕಿರೀಟ ಅಳಿಯನದ್ದೇ, ಖಲಾಸ್. ಫ್ರಾನ್ಸಿನವರು ಹೆಣ್ಣಿನ ಕಡೆಯ ಹಕ್ಕು ಆಗುವುದಿಲ್ಲ ಅಂದ್ರು, ತಲೆಮಾರುಗಟ್ಟಲೆ ಬಡಿದಾಡಿದ್ರು." ಮೈಸೂರಿನವಳಾದ ನನಗೆ ಅಳಿಯನೆಂದರೆ ದೀಪಾವಳಿಗೆ ಪಂಚೆ ಕೊಡಿಸಿಕೊಳ್ಳುವ ಮಗಳ ಗಂಡ, ಅಷ್ಟೆ.

ಮಗಳು ಪರೀಕ್ಷೆಯಲ್ಲಿ ಅಳಿಯಕಟ್ಟನ್ನೇ ಬರೆದು ಬಂದಳು. ಅಂಕ ಹೋಯಿತು. ಮೇಷ್ಟ್ರು ಕಾಫಿ ಚೆಲ್ಲುವಷ್ಟು ನಕ್ಕರು. "ಉತ್ತರ ಸರಿಯೇ ಉಂಟು."

"ಸರ್, ಡು ಯು ಹ್ಯಾವ್ ಎನ್ ಅಳಿಯ?" ಎಂದಳು ಮಗಳು. ನಮ್ಮ ಕನ್ನಡಕ್ಕೆಲ್ಲ ಅವಳ ಉತ್ತರ ಇಂಗ್ಲಿಷಿನಲ್ಲೇ.

ನಗು ನಿಂತಿತು. "ಉಂಟು. ತಂಗಿಯ ಮಗ, ಮಹಬೂಲಾದಲ್ಲಿ."

ಮಹಬೂಲಾ ನಮ್ಮ ಪಕ್ಕದ್ದೇ! ಆದರೂ ಅವರ ಬೆಲ್ಲು ಯಾರೂ ಒತ್ತಿದ್ದನ್ನು ನಾನು ಕಂಡಿರಲಿಲ್ಲ. ಯಾಕೆಂದು ಕೇಳಿದೆ. ಅಳಿಯ ಬೇರೆ ಜಾತಿಯ ಹುಡುಗಿಯನ್ನು ಮದುವೆಯಾದನಂತೆ, ಇವರು ಮದುವೆಗೆ ಹೋಗಲಿಲ್ಲವಂತೆ, ಅವನು ಮಾತು ಬಿಟ್ಟನಂತೆ.

"ನೀವೇ ಒಂದು ಫೋನ್ ಮಾಡಿ ಮೇಷ್ಟ್ರೇ."

"ಎಂತ ಅಮ್ಮ, ದೊಡ್ಡವ ನಾನಲ್ವಾ? ಅವನೇ ಮಾಡಲಿ."

"ಸೋ ಹೂ ಈಸ್ ವಿನ್ನಿಂಗ್, ಸರ್?" ಎಂದಳು ಮಗಳು.

ಮೇಷ್ಟ್ರು ಅಟ್ಲಾಸ್ ಮುಚ್ಚಿ ಎದ್ದು ಹೋದರು. ಎಂಥ ಹಟವಪ್ಪಾ ಎಂದು ನನಗೆ ಸಿಟ್ಟು ಬಂತು. ಅವರ ಬಾಗಿಲಾಚೆ ಟಿವಿಯೊಂದೇ ಮಾತಾಡುವುದು ಕೇಳಿದಾಗ ಆ ಸಿಟ್ಟು ಇಳಿಯಿತು.

ಕಳೆದ ರಂಜಾನಿನಲ್ಲಿ ಮೇಷ್ಟ್ರು ನಿದ್ದೆಯಲ್ಲೇ ಹೋದರು. ಅವರ ಶಾಲೆಯವರು ಹೇಳಿ ಕಳಿಸಿದ ಮೇಲೆ ಅಳಿಯ ಬಂದ. ಊರಿಗೆ ದೇಹ ಒಯ್ಯಬೇಕು, ಕೊಳ್ಳಿ ಇಡುವವನೂ ಅವನೇ. ಮೇಷ್ಟ್ರು ನನ್ನ ಬಳಿ ಕೊಟ್ಟಿಟ್ಟಿದ್ದ ಅವರ ಮನೆಯ ಬೀಗದ ಕೈಗೆ ಅವನು ಕೈ ಚಾಚಿದಾಗ ನೋಡಿದೆ, ಅದೇ ಅಗಲ ಉಗುರು.

"ಮಾವ ನನ್ನ ವಿಷಯ ಏನಾದ್ರೂ ಹೇಳ್ತಿದ್ರಾ ಅಕ್ಕ?"

"ಹೇಳ್ತಿದ್ರಪ್ಪ. ಕಿರೀಟ ಅಳಿಯನದ್ದೇ ಅಂತಿದ್ರು."

ಅವನಿಗೆ ಅರ್ಥವಾಗಲಿಲ್ಲ. ಮಗಳು ಒಳಗಿನಿಂದ ಅಟ್ಲಾಸ್ ತಂದು ಅವನ ಮುಂದೆ ಬಿಡಿಸಿದಳು. "ಅಂಕಲ್, ಫ್ರಾನ್ಸಿನ ರಾಜನಿಗೆ ಒಬ್ಬಳು ತಂಗಿ ಇದ್ದಳು," ಎಂದು ಕನ್ನಡದಲ್ಲೇ ಶುರು ಮಾಡಿದಳು. ಅವನು ಮಾವನ ಹೊಸ್ತಿಲ ಮೇಲೆ ಕೂತು ಕೇಳಿದ.