ರಾಜನ ಕೈಗೆ ಕಳ್ಳನ ಜುಟ್ಟು

ನಮ್ಮ ಬಚ್ಚಲ ಗೋಡೆಯ ಕನ್ನಡಿಯೆದುರು ಕಾಡಿಗೆಯ ಮೀಸೆ ಬರೆದುಕೊಂಡಾಗಲೆಲ್ಲ, ಗೆಳೆಯರೇ, ನನಗೊಬ್ಬ ಮಹಾರಾಜ ಕಾಣುತ್ತಾನೆ. ಅವ್ವನಿಗೆ ಮಾತ್ರ ರಾಗಿ ಹೊಲದ ಬೆದರುಬೊಂಬೆ. ಶೀಳನೆರೆ ಕಡೆಯ ನಮ್ಮೂರಿನಲ್ಲಿ ನಾಟಕದ ಪಾತ್ರವನ್ನು ದುಡ್ಡು ಕೊಟ್ಟೇ ಹಿಡಿಯಬೇಕು. ಹೆಚ್ಚು ಕೊಟ್ಟವನು ರಾಜ, ಕಡಿಮೆ ಕೊಟ್ಟವನು ಸೇವಕ, ಕೊಡಲಾಗದ, ಊರಾಚೆಯ ಕಾಲೋನಿಯ ಹುಡುಗರು ಬೆಂಚು ಹೊರುವವರು. ಕಲೆ ಎಲ್ಲರ ಸೊತ್ತು ಎಂದು ನಾವು ಭಾಷಣ ಬಿಗಿಯುವ ಮೈಕನ್ನು ತಂದು ನಿಲ್ಲಿಸುವವರೂ ಅವರೇ.

ಈ ಸಲ ಹುಡುಗರೇ ಸೇರಿ ಹೊಸ ನಾಟಕ ಕಟ್ಟಿ, ಪಾತ್ರಗಳನ್ನು ಚೀಟಿ ಎತ್ತಿ ಹಂಚಿಕೊಂಡೆವು. ಆ ಉದಾತ್ತ ಸಲಹೆ ನನ್ನದೇ. ರಾಜನ ಚೀಟಿ ನನಗೇ ಬರುತ್ತದೆಂಬ ನಂಬಿಕೆಯೂ ನನ್ನದೇ. ಬಂದದ್ದು ಕಳ್ಳ. ರಾಜನಾದವನು ಕಾಲೋನಿಯ ಸಿದ್ರಾಜು. ರಾಜನು ಕಳ್ಳನ ಜುಟ್ಟು ಹಿಡಿದು ಎಳೆಯುವುದೇ ನಾಟಕದ ಜೀವ.

ಅಭ್ಯಾಸದಲ್ಲಿ ಅವನು ಎಳೆದದ್ದು ಬರೀ ಗಾಳಿಯನ್ನು.

"ಎಳೀಲಾ! ನನ್ ತಲೇಲಿ ಏನೈತೆ ಅಂತ ಎದ್ರುತೀಯ?" ಎಂದೆ.

"ನಿಂಗೇನ್ಲಾ, ಆಟ. ನಮ್ಮವ್ವ ನಿಮ್ ದೊಡ್ಡಪ್ಪೋರ ಗದ್ದೇಲಿ ನಾಟಿ ಆಕ್ತಾಳೆ. ಅವ್ರ ಮುಂದೆ ನಿನ್ ಜುಟ್ಟಿಡ್ಕಂಡ್ರೆ ನಾಳೆ ಅವಳ್ನ ಕೂಲಿಗೆ ಕರ್ದಾರಾ?"

ಅವನ ಕೈಗೂ ನನ್ನ ತಲೆಗೂ ನಡುವೆ ಗೇಣಷ್ಟೇ ಜಾಗ. ಅದರೊಳಗೆ ಎಷ್ಟು ತಲೆಮಾರು ಕೂತಿದೆಯೆಂಬುದು, ಆ ತಲೆ ನನ್ನದೇ ಆಗಿದ್ದರೂ, ನನಗೆ ತಿಳಿದಿರಲಿಲ್ಲ.

ನಾಟಕದ ದಿನ ದೊಡ್ಡಪ್ಪ ಮುಂದಿನ ಸಾಲಿನಲ್ಲೇ ಕೂತಿದ್ದರು. ಸಿದ್ರಾಜು ಕಣ್ಣು ಮುಚ್ಚಿ ಕೈಚಾಚಿ ಎಳೆದ. ನನ್ನ ತಲೆಯ ಮೇಲಿದ್ದ ಬಾಡಿಗೆಯ ವಿಗ್ಗು ಇಡಿಯಾಗಿ ಅವನ ಕೈಗೆ ಬಂತು. ಸತ್ತ ಕೋಳಿ ಹಿಡಿದವನಂತೆ ಅದನ್ನು ಹಿಡಿದು ಅವನು ದೊಡ್ಡಪ್ಪನನ್ನೇ ನೋಡುತ್ತ ನಿಂತ. ದೊಡ್ಡಪ್ಪ ಎದ್ದರು.

"ಲೇ ಸಿದ್ರಾಜ, ನೀನು ರಾಜ ಕಣ್ಲಾ! ನಿಜವಾದ್ ಜುಟ್ಟಿಡ್ಕಂಡ್ ಎಳಿ, ಕಳ್ಳ ಓಡೋಯ್ತಾನೆ!"

ಹಿಡಿದ ನೋಡಿ! ನಟನೆಯೇ ಬಾರದ ನಾನು ಕಿರುಚಿದ ಆ ಒಂದು ಕಿರುಚಿಗೆ ಊರೇ ಚಪ್ಪಾಳೆ ತಟ್ಟಿತು.

ಮರುದಿನ ದೊಡ್ಡಪ್ಪ ಸಿದ್ರಾಜುವಿನ ಅವ್ವನನ್ನು ಎಂದಿನಂತೆ ನಾಟಿಗೆ ಕರೆದರು. ನಾನು ಗೆದ್ದ ಪೈಲ್ವಾನನಂತೆ ಬದುವಿನ ಮೇಲೆ ಬೀಗುತ್ತಿದ್ದೆ. ಮಧ್ಯಾಹ್ನ ಆಕೆ ಬಾಯಾರಿ ಬೊಗಸೆ ಒಡ್ಡಿದಾಗ ದೊಡ್ಡಪ್ಪ, "ರಾಜನವ್ವ ಕಣಮ್ಮಿ ನೀನೀಗ" ಎಂದು ನಗುತ್ತಲೇ, ಎಂದಿನಂತೆ ಚೊಂಬನ್ನು ಆಕೆಯ ಕೈ ತಾಕದಷ್ಟು ಎತ್ತರದಲ್ಲಿ ಹಿಡಿದು ನೀರು ಸುರಿದರು.

ಭಾಷಣ ಮಾಡಲು ಧೈರ್ಯ ಸಾಲಲಿಲ್ಲ. ನನಗೆ ಬರುವುದು ಕೋಡಂಗಿಯಾಟ ಒಂದೇ. ಹೋಗಿ ಆಕೆಯ ಪಕ್ಕ ಬಗ್ಗಿ ನಾನೂ ಬೊಗಸೆ ಒಡ್ಡಿದೆ.

"ನಂಗೂ ಇಂಗೇ ಉಯ್ಯಿ, ದೊಡ್ಡಪ್ಪ."

ಅವರ ಕೈ ಗಾಳಿಯಲ್ಲೇ ನಿಂತಿತು. ನನ್ನನ್ನು ನೋಡಿದರು, ಆಕೆಯನ್ನು ನೋಡಿದರು. ಆಮೇಲೆ ಚೊಂಬನ್ನು ಬದುವಿನ ಮೇಲಿಟ್ಟು, "ಇಬ್ರೂ ತಗಂಡ್ ಕುಡ್ಕಳಿ ಅತ್ಲಾಗೆ" ಎಂದು ಗೊಣಗಿ ನಡೆದರು.

ಮೊದಲು ಆಕೆ ಎತ್ತಿಕೊಂಡಳು.