ಅಮರಪ್ಪ ಮಾಸ್ತರು ಕೇಳಿದ ಒಂದು ಸಂಜೆ

ಊರವರು ಮುಳುಗುವ ಸೂರ್ಯನಿಗೆ ಕೈ ಮುಗಿಯುವ ಹೊತ್ತಿಗೆ ಅಮರಪ್ಪ ಮಾಸ್ತರು ಅವನಿಗೆ ಬೆನ್ನು ತಿರುಗಿಸಿ ಕಾಲುವೆ ದಂಡೆಯ ಮೇಲೆ ನಿಂತಿರುತ್ತಿದ್ದರು. ಸಿಂಧನೂರು ಸೀಮೆಯ ನಮ್ಮೂರ ಶಾಲೆಯಲ್ಲಿ ಅವರು ವಿಜ್ಞಾನ ಕಲಿಸುತ್ತಿದ್ದರು, ನಾನು ಕನ್ನಡ. ಸಿಟ್ಟು ಅವರಿಗೆ ಮೂಗಿನ ತುದಿಯಲ್ಲೇ. ಗ್ರಹ ಎಲ್ಲಿದೆ ಎಂದಾಗ ಮಕ್ಕಳು ಮೇಲೆ ಬೆರಳು ತೋರಿಸಿದರೆ ನೆಲಕ್ಕೆ ಕಾಲು ಅಪ್ಪಳಿಸುತ್ತಿದ್ದರು.

“ನೀವು ನಿಂತದ್ದು ಯಾತರ ಮ್ಯಾಲಲೇ? ಇದೂ ಒಂದು ಗ್ರಹ! ಮೂಡಲ ಕಡಿ ನೋಡ್ರಿ, ಕೆಳಗ ನೀಲಿ ಪಟ್ಟಿ ಏಳಾಕತ್ತೈತಿ. ಮೋಡ ಅಲ್ಲ ಅದು, ಭೂಮೀದ ನೆರಳು.”

ಅವರ ನಿವೃತ್ತಿಗೆ ಕೆಲವೇ ದಿನ ಇರುವಾಗ ಕಾರ್ತಿಕದ ಹುಣ್ಣಿಮೆಗೆ ಗ್ರಹಣ ಬಂತು. ಅವತ್ತು ಚಂದ್ರ ಹುಟ್ಟುವಾಗಲೇ ನೆರಳಿನಲ್ಲಿರುತ್ತಾನೆ, ಸ್ವಲ್ಪ ಹೊತ್ತಿಗೆ ಗ್ರಹಣ ಬಿಟ್ಟುಹೋಗುತ್ತದೆ. “ಭೂಮಿ ದುಂಡಗೈತಿ ಅಂತ ನೋಡಾಕ ರಾಕೆಟ್ ಬ್ಯಾಡ್ರಿ, ಚಂದ್ರನ ಮ್ಯಾಲೆ ಅದರ ನೆರಳಿನ ಅಂಚು ನೋಡಿದ್ರ ಸಾಕು” ಎನ್ನುತ್ತಿದ್ದರು. ತಮ್ಮ ಕೊನೆಯ ಮಕ್ಕಳಿಗೆ ಅದನ್ನು ತೋರಿಸಲೇಬೇಕೆಂಬ ಹಟ. ಗ್ರಹಣಕ್ಕೆ ಮಕ್ಕಳನ್ನು ಹೊರಗೆ ಬಿಡದ ಮನೆಗಳ ಬಾಗಿಲು ಬಡಿದು, ಬೈದು, ಕಾಡಿ ಒಪ್ಪಿಸಿದರು. ಮುದುಕಿಯರೂ ಮೊಮ್ಮಕ್ಕಳ ಕೈ ಹಿಡಿದು ದಂಡೆಗೆ ಬಂದರು.

ಸರಿಯಾಗಿ ಅದೇ ಹೊತ್ತಿಗೆ ಮೂಡಲ ಹೊಲದಲ್ಲಿ ಬೆಂಕಿ ಎದ್ದಿತು. ನೆಲ್ಲು ಕೊಯ್ದು ಉಳಿದ ಹುಲ್ಲಿಗೆ ಚೆನ್ನಪ್ಪಗೌಡ ಕಡ್ಡಿ ಗೀರಿದ್ದ. ಅವನ ಮಕ್ಕಳು ಸಿಂಧನೂರಿನ ಕಾನ್ವೆಂಟಿಗೆ ಹೋಗುವುದರಿಂದ ಮಾಸ್ತರು ಆ ಒಂದು ಬಾಗಿಲು ಬಡಿದಿರಲಿಲ್ಲ. ಅವರು ಕೆಮ್ಮುತ್ತಲೇ ಅವನತ್ತ ಓಡಿದರು.

“ಗ್ರಹಣ ಅಂತ ಮಂದಿ ಒಳಗ ಇರ್ತಾರ, ಹೊಗಿ ಯಾರಿಗೂ ತ್ರಾಸ್ ಆಗಂಗಿಲ್ಲ ಅಂತ ಇವತ್ತ ಹಚ್ಚೀನ್ರೀ ಸರ್” ಎಂದ ಗೌಡ.

ಹೊಗೆ ದಾಟಿ ಚಂದ್ರ ಮೇಲೆ ಬಂದಾಗ ಗ್ರಹಣ ಬಿಟ್ಟಿತ್ತು. ಮಕ್ಕಳು ಕಣ್ಣುಜ್ಜಿಕೊಳ್ಳುತ್ತಾ ಮನೆಗೆ ಹೋದರು. ನೆನೆಸಿಕೊಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ಪ್ರತಿ ಸುಗ್ಗಿಗೂ ಬೇಡವೆಂದರೂ ಕೇಳದೆ ಸುಟ್ಟವನಿಗೆ ಅವತ್ತೇ ನಮ್ಮ ಮೇಲೆ ಕನಿಕರ ಬರಬೇಕೆ?

ಬೀಳ್ಕೊಡುಗೆಯ ದಿನ ಅದೇ ಗೌಡ ಶಾಲು ಹಿಡಿದು ವೇದಿಕೆಗೆ ಬಂದ. ಮಾಸ್ತರು ಕೈ ಅಡ್ಡ ಹಿಡಿದರು.

“ಶಾಲು ನೀವ ಒಯ್ರಿ ಗೌಡ್ರ. ನಮ್ಮ ಹುಡುಗ್ರ ಸಂಜಿ ವಾಪಸ್ ಕೊಡ್ರಿ.”

ಹಾಗೇ ಇಳಿದು ಲಿಂಗಸುಗೂರಿನ ಬಸ್ಸು ಹತ್ತಿದರು. ಮತ್ತೆ ನಮ್ಮೂರಿಗೆ ಕಾಲಿಟ್ಟಿಲ್ಲ. ಸುಗ್ಗಿ ಮುಗಿದಾಗ ಫೋನು ಮಾಡಿ ಒಂದೇ ಮಾತು ಕೇಳುತ್ತಿದ್ದರು: “ಹುಲ್ಲು ಸುಡೋದು ನಿಂತೈತೇನ್ರಿ ಟೀಚರ್?” ಇಲ್ಲ ಎಂದರೆ ಇಟ್ಟುಬಿಡುತ್ತಿದ್ದರು. ಈ ವರ್ಷ ಅವರ ಫೋನೂ ಬರಲಿಲ್ಲ. ನಾನೇ ಮಾಡೋಣವೆಂದರೆ ಕಿಟಕಿಯಾಚೆ ಗೌಡನ ಹೊಲ ಉರಿಯುತ್ತಿದೆ.